ವೇದನೆ ಮತ್ತು ನಿವೇದನೆ



ತಮ್ಮ ತಾಯಿಯವರ ನೆನಪಿಗಾಗಿ ದತ್ತಿಯೊಂದನ್ನು ಸ್ಥಾಪಿಸಿ ಈ ಉಪನ್ಯಾಸವನ್ನು ಏರ್ಪಡಿಸಿರುವ ಹಿರಿಯರು ನನ್ನನ್ನು ಆಹ್ವಾನಿಸುವುದಕ್ಕೆ ಮನೆಗೆ ಬಂದಿದ್ದಾಗ, ಆ ತಾಯಿ ತಮ್ಮ ಆಯುಷ್ಯದ ಕಡೆಯ ಹದಿನಾಲ್ಕು ವರ್ಷಗಳನ್ನು ಬಹುಮಟ್ಟಿಗೆ ಹಾಸಿಗೆಯ ಮೇಲೆಯೇ ಕಳೆದರೆಂಬುದನ್ನೂ, ಆದರೂ ಅವರನ್ನು ನೋಡಲು ಹೋದವರು ಯಾರೂ ಮನಸ್ಸು ಮಂಕಾಗಿ ಆ ಕೋಣೆಯಿಂದ ಹೊರಬರುತ್ತಿರಲಿಲ್ಲವೆಂಬುದನ್ನೂ ಹೇಳಿ, ‘ಅದು ಹೇಗೆ ಸಾಧ್ಯವಾಯಿತೋ ನನಗೆ ಇಂದಿಗೂ ತಿಳಿಯದು, ನಿಮಗೇನಾದರೂ ತೋರಿದರೆ ಹೇಳಿ’ ಎಂದರು. ತಮ್ಮ ಹೆಸರನ್ನಾಗಲಿ ತಾಯಿಯವರ ಹೆಸರನ್ನಾಗಲಿ ವೇದಿಕೆಯ ಮೇಲೆ ಎತ್ತಕೂಡದೆಂಬ ಅವರ ನಿಬಂಧನೆಗೆ ತಲೆಬಾಗಿ, ಆ ಪ್ರಶ್ನೆಯನ್ನು ಮಾತ್ರ ಅವರಿಂದ ಎರವಲು ಪಡೆದು, ಅದನ್ನೇ ಇಂದಿನ ವಿಷಯವನ್ನಾಗಿ ಮಾಡಿಕೊಂಡಿದ್ದೇನೆ.

ಇಂತಹ ವಿಷಯವನ್ನು ಕುರಿತು ಮಾತನಾಡುವುದಕ್ಕೆ ನನಗಿರುವ ಅಧಿಕಾರವೇನೆಂದು ನೀವು ಕೇಳಬಹುದು. ನಾನು ವೈದ್ಯನಲ್ಲ, ವೇದಾಂತದಲ್ಲಿ ಪರಿಶ್ರಮವುಳ್ಳವನಲ್ಲ, ಜಪತಪಗಳನ್ನು ನಿಯಮದಿಂದ ನಡೆಸಿಕೊಂಡು ಬಂದವನೆಂದು ಹೇಳಿಕೊಳ್ಳುವ ಧೈರ್ಯವಂತೂ ಇಲ್ಲ. ಹನ್ನೊಂದು ವರ್ಷಗಳ ಹಿಂದೆ ಒಂದು ಮಳೆಗಾಲದ ಬೆಳಗ್ಗೆ, ಗೆದ್ದಲು ಹಿಡಿಯುತ್ತಿದ್ದ ಪುಸ್ತಕಗಳ ಪೆಟ್ಟಿಗೆಯೊಂದನ್ನು ನೆಲದಿಂದ ಎತ್ತಹೋಗಿ, ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಕಾದ ತಂತಿಯೊಂದನ್ನು ಎಳೆದಂತಾಗಿ, ಆ ಪೆಟ್ಟಿಗೆಯ ಪಕ್ಕದಲ್ಲಿಯೇ ಕುಸಿದು ಕುಳಿತವನು, ಅಂದಿನಿಂದ ಇಂದಿನವರೆಗೆ ಆ ತಂತಿಯ ಸಹವಾಸವಿಲ್ಲದ ಒಂದು ದಿನವನ್ನೂ ಕಂಡಿಲ್ಲ. ಇದೊಂದೇ ನನ್ನ ಅಧಿಕಾರ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿಯೆಂದು ಹೆಸರು. ಗೃಧ್ರವೆಂದರೆ ರಣಹದ್ದು, ರೋಗಿಯ ನಡಿಗೆ ಆ ಪಕ್ಷಿಯ ನಡಿಗೆಯಂತಾಗುವುದರಿಂದ ಈ ಹೆಸರು ಬಂದಿತೆಂದು ಪಂಡಿತರು ವಿವರಿಸುತ್ತಾರೆ. ನಾನು ಈ ವೇದಿಕೆಯ ಮೆಟ್ಟಿಲುಗಳನ್ನು ಹತ್ತಿದ ರೀತಿಯನ್ನು ನೋಡಿದವರಿಗೆ ಆ ವಿವರಣೆ ಒಪ್ಪಿಗೆಯಾಗಿರಬೇಕು.

1

ಮೊದಲು ಒಂದು ಶಬ್ದವಿಚಾರ. ನಾವು ನೋವಿಗೆ ವೇದನೆಯೆನ್ನುತ್ತೇವೆ. ಈ ಶಬ್ದ ಹುಟ್ಟಿದುದು ‘ವಿದ್’ ಎಂಬ ಧಾತುವಿನಿಂದ. ಆ ಧಾತುವಿಗೆ ಅರಿಯುವುದೆಂದು ಅರ್ಥ. ವೇದ, ವಿದ್ಯೆ, ವಿದ್ವಾಂಸ ಎಂಬ ಶಬ್ದಗಳು ಯಾವ ಮನೆಯವೋ ವೇದನೆಯೂ ಅದೇ ಮನೆಯದು. ಬೌದ್ಧರ ಶಾಸ್ತ್ರದಲ್ಲಿ ಸುಖಾನುಭವವೂ ವೇದನೆಯೇ, ದುಃಖಾನುಭವವೂ ವೇದನೆಯೇ, ಎರಡೂ ಅಲ್ಲದ ಅನುಭವವೂ ವೇದನೆಯೇ. ಕಾಲಕ್ರಮದಲ್ಲಿ ನಮ್ಮ ನುಡಿಗಳು ಉಳಿದೆರಡನ್ನೂ ಕೈಬಿಟ್ಟು, ನೋವಿಗೆ ಮಾತ್ರ ಆ ಹೆಸರನ್ನು ಮೀಸಲಾಗಿಟ್ಟವು. ಇದರಲ್ಲಿ ಜನಮನದ ಒಂದು ವಿವೇಕ ಅಡಗಿದೆಯೆಂದು ನನಗೆ ತೋರುತ್ತದೆ: ಮನುಷ್ಯನು ಬೇರೆ ಏನನ್ನು ಸಂದೇಹಿಸಿದರೂ ತನ್ನ ನೋವನ್ನು ಸಂದೇಹಿಸಲಾರನು, ಅದು ಅವನಿಗಿರುವ ಅರಿವುಗಳಲ್ಲೆಲ್ಲ ಅತ್ಯಂತ ನಿಸ್ಸಂದಿಗ್ಧವಾದದ್ದು.

ಆದರೆ ಈ ಅರಿವಿಗೆ ಒಂದು ಶಾಪವುಂಟು. ಅದು ಅರಿತವನಲ್ಲಿಯೇ ಸೆರೆಯಾಗಿಬಿಡುತ್ತದೆ. ನನ್ನನ್ನು ಪರೀಕ್ಷಿಸಿದ ವೈದ್ಯರು ಕರುಣಾಳುಗಳು. ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ಬೆನ್ನೆಲುಬಿನ ಮಣಿಗಳನ್ನು ಒಂದೊಂದಾಗಿ ತೋರಿಸಿದರು. ಎಲುಬು ಕಂಡಿತು, ನೋವು ಕಾಣಲಿಲ್ಲ. ಅನಂತರ ಅವರು, ‘ಸೊನ್ನೆಯಿಂದ ಹತ್ತರವರೆಗೆ ಎಣಿಸುವುದಾದರೆ ನಿಮ್ಮ ನೋವು ಎಷ್ಟು?’ ಎಂದು ಕೇಳಿದರು. ಏಳೆಂದೆ. ಹೇಳಿದ ಮರುಕ್ಷಣವೇ ಆ ಏಳಕ್ಕೂ ನನ್ನ ರಾತ್ರಿಗಳಿಗೂ ಏನೂ ಸಂಬಂಧವಿಲ್ಲವೆನ್ನಿಸಿತು. ಮೂರು ತಿಂಗಳನ್ನು ಮೀರಿದ ನೋವನ್ನು ಇಂದಿನ ವೈದ್ಯಶಾಸ್ತ್ರ ದೀರ್ಘಕಾಲಿಕವೆಂದು ಬೇರೆಯಾಗಿ ಎಣಿಸುತ್ತದೆ. ಬಂಧುಮಿತ್ರರ ಅನುಕಂಪೆಗೂ ಹೆಚ್ಚುಕಡಮೆ ಅಷ್ಟೇ ಅವಧಿ. ಮೊದಲ ವಾರ ಎಲ್ಲರೂ ಬರುತ್ತಾರೆ. ಮೂರನೆಯ ತಿಂಗಳಿಗೆ ‘ಇನ್ನೂ ಹೋಗಲಿಲ್ಲವೇ?’ ಎನ್ನುತ್ತಾರೆ, ಮೂರನೆಯ ವರ್ಷಕ್ಕೆ ಆ ಪ್ರಶ್ನೆಯೂ ನಿಲ್ಲುತ್ತದೆ. ಇದು ಯಾರ ದೋಷವೂ ಅಲ್ಲ. ನೋವಿಗೆ ಹೊಸ ಸಮಾಚಾರವಿರುವುದಿಲ್ಲ. ನಿನ್ನೆ ಹೇಳಿದುದನ್ನೇ ಇಂದೂ ಹೇಳಬೇಕಾದವನು ಕ್ರಮೇಣ ಸಭ್ಯತೆಗಾಗಿ ಮೌನವಾಗುತ್ತಾನೆ, ಮತ್ತು ಆ ಮೌನದಲ್ಲಿ ನೋವು ಇಮ್ಮಡಿಯಾಗುತ್ತದೆ.

ಈ ಸೆರೆಗೆ ಬಾಗಿಲೆಲ್ಲಿದೆ? ನನಗೆ ಅದರ ಗುರುತು ಮೊದಲು ಸಿಕ್ಕಿದುದು ಯಾವ ಗ್ರಂಥದಲ್ಲಿಯೂ ಅಲ್ಲ, ನರಳಿಕೆಯಲ್ಲಿ. ಮಂಚದಿಂದ ಏಳುವಾಗ ಸೊಂಟ ಹಿಡಿದುಕೊಂಡರೆ ನಮ್ಮ ಕಡೆಯವರ ಬಾಯಿಂದ ಹೊರಡುವುದು ‘ಅಮ್ಮಾ’. ಉತ್ತರದ ಸೀಮೆಯವರ ಬಾಯಿಂದ ಹೊರಡುವುದು ‘ಯಪ್ಪಾ’, ‘ಯವ್ವಾ’. ಇನ್ನು ಕೆಲವರಿಗೆ ‘ಶಿವನೇ’, ‘ನಾರಾಯಣಾ’. ದೇವರಿಲ್ಲವೆಂದು ಸಭೆಗಳಲ್ಲಿ ವಾದಿಸುವ ನನ್ನ ಮಿತ್ರರೊಬ್ಬರು ಹಲ್ಲುನೋವಿನ ರಾತ್ರಿ ‘ಅಯ್ಯೋ ದೇವರೇ’ ಎಂದದ್ದನ್ನು ನಾನೇ ಕೇಳಿದ್ದೇನೆ. ಈ ಉದ್ಗಾರಗಳೆಲ್ಲ ಸಂಬೋಧನೆಗಳೆಂಬುದನ್ನು ಗಮನಿಸಬೇಕು. ಸಂಬೋಧನೆಗೆ ಪಾಣಿನಿ ಪ್ರಥಮಾ ವಿಭಕ್ತಿಯನ್ನೇ ವಿಧಿಸಿದ್ದಾನೆ. ನೋವಿನ ವ್ಯಾಕರಣದಲ್ಲಿಯೂ ಅದೇ ಪ್ರಥಮ. ‘ನನಗೆ ನೋಯುತ್ತಿದೆ’ ಎಂಬ ವಾಕ್ಯ ರೂಪುಗೊಳ್ಳುವುದಕ್ಕೆ ಮೊದಲೇ ‘ನೀನು’ ಎಂಬೊಬ್ಬನನ್ನು ಜೀವ ಕೂಗಿ ಕರೆದಿರುತ್ತದೆ. ಪ್ರಾರ್ಥನೆಯ ಬೀಜ ಅಲ್ಲಿದೆ.

2

ಕೂಗಿದ ಮೇಲೆ ಏನನ್ನು ಹೇಳಬೇಕು? ಸಹಜವಾಗಿ ಮೊದಲು ಬರುವುದು ಬೇಡಿಕೆ: ಈ ನೋವನ್ನು ತೆಗೆ. ಇದನ್ನು ಕೀಳು ಭಕ್ತಿಯೆಂದು ತಿರಸ್ಕರಿಸುವವರು ಉಂಟು. ಗೀತಾಚಾರ್ಯನು ಹಾಗೆ ತಿರಸ್ಕರಿಸಲಿಲ್ಲವೆಂಬುದನ್ನು ಅವರಿಗೆ ಜ್ಞಾಪಿಸಬೇಕು. ಏಳನೆಯ ಅಧ್ಯಾಯದಲ್ಲಿ ತನ್ನನ್ನು ಭಜಿಸುವ ನಾಲ್ಕು ಬಗೆಯ ಜನರನ್ನು ಎಣಿಸುವಾಗ ಆತನು ಮೊದಲು ಹೆಸರಿಸಿದುದು ಆರ್ತನನ್ನು. ಜ್ಞಾನಿ ತನಗೆ ಅತಿ ಪ್ರಿಯನೆಂದು ಹೇಳಿದನಾದರೂ, ನಾಲ್ವರನ್ನೂ ಉದಾರರೆಂದೇ ಕರೆದನು. ನೋವಿನಿಂದ ಬೇಡುವುದು ಲಜ್ಜಾಸ್ಪದವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಾಗಿಲ್ಲ.

ಹೀಗೆ ಬೇಡಿದವರಲ್ಲಿ ಭರತಖಂಡದ ಅತ್ಯಂತ ವಿದ್ವಾಂಸನಾದ ಆರ್ತನೆಂದರೆ ಕೇರಳದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಗಳೆಂದು ನನ್ನ ಎಣಿಕೆ. ಭಾರತಪ್ಪುಳೆಯ ದಂಡೆಯಲ್ಲಿ, ತಿರುನಾವಾಯದ ಸಮೀಪದ ಮನೆತನದಲ್ಲಿ ಹುಟ್ಟಿ, ಜ್ಯೋತಿಷದಲ್ಲಿಯೂ ವ್ಯಾಕರಣದಲ್ಲಿಯೂ ಪಾರಂಗತರಾಗಿದ್ದ ತೃಕ್ಕಂಡಿಯೂರಿನ ಅಚ್ಯುತ ಪಿಷಾರಟಿಗಳಲ್ಲಿ ಶಿಷ್ಯತ್ವ ವಹಿಸಿದವರು. ಮುಂದೆ ‘ಪ್ರಕ್ರಿಯಾಸರ್ವಸ್ವ’ವೆಂಬ ವ್ಯಾಕರಣಗ್ರಂಥವನ್ನು ಬರೆದವರು. ಗುರುವಿಗೆ ಬಂದ ವಾತರೋಗವನ್ನು ಗುರುದಕ್ಷಿಣೆಯೆಂಬಂತೆ ಶಿಷ್ಯರೇ ತಮ್ಮ ಮೈಗೆ ಬರಮಾಡಿಕೊಂಡರೆಂದು ಐತಿಹ್ಯ. ಐತಿಹ್ಯವನ್ನು ಹೇಗೆ ತೆಗೆದುಕೊಂಡರೂ, ಯೌವನದಲ್ಲಿಯೇ ಅವರ ಕೀಲುಗಳು ಬಿಗಿದು ಮೈ ಸ್ವಾಧೀನ ತಪ್ಪಿತೆಂಬುದೂ, ಆ ಸ್ಥಿತಿಯಲ್ಲಿ ಅವರು ಗುರುವಾಯೂರಿನ ದೇವಾಲಯದಲ್ಲಿ ಕುಳಿತು ‘ನಾರಾಯಣೀಯ’ವನ್ನು ರಚಿಸಿದರೆಂಬುದೂ ಪ್ರಸಿದ್ಧವಾದ ಸಂಗತಿ. ದಿನಕ್ಕೊಂದು ದಶಕದಂತೆ ನೂರು ದಿನಗಳಲ್ಲಿ ನೂರು ದಶಕಗಳು. ಶ್ಲೋಕಸಂಖ್ಯೆ ಸಾವಿರವನ್ನು ಮೀರಿದ್ದು. ಕೃತಿಯ ಕಟ್ಟಕಡೆಯ ಸಮಸ್ತಪದವನ್ನು ಕಟಪಯಾದಿ ಸಂಖ್ಯಾಕ್ರಮದಿಂದ ಬಿಡಿಸಿದರೆ 1712210 ಎಂಬ ಅಂಕ ದೊರೆಯುತ್ತದೆ. ಕಲಿಯುಗದ ಆರಂಭದಿಂದ ಅಷ್ಟು ದಿನಗಳೆಂದರೆ ಕ್ರಿ.ಶ. 1586ರ ಕೊನೆಯ ಭಾಗ.

ಈ ಕೃತಿ ಹದಿನೆಂಟು ಸಾವಿರ ಶ್ಲೋಕಗಳದೆಂದು ಪ್ರತೀತಿಯಿರುವ ಭಾಗವತದ ಸಂಗ್ರಹ. ಆದರೆ ಸಂಗ್ರಹವೆಂದು ಹೇಳಿದರೆ ಅದರ ಮರ್ಮವನ್ನೇ ಬಿಟ್ಟಂತಾಗುತ್ತದೆ. ಭಾಗವತದಲ್ಲಿ ಶುಕಮುನಿ ಪರೀಕ್ಷಿತನಿಗೆ ಹರಿಯ ಕಥೆಯನ್ನು ಹೇಳುತ್ತಾನೆ. ಅಲ್ಲಿ ಹರಿಯು ‘ಅವನು’. ಭಟ್ಟತಿರಿಗಳು ಅದೇ ಕಥೆಯನ್ನು ಹರಿಗೇ ಹೇಳುತ್ತಾರೆ: ನೀನು ಮತ್ಸ್ಯನಾದೆ, ನೀನು ಗಜೇಂದ್ರನ ಕೂಗಿಗೆ ಬಂದೆ, ನೀನು ಬೆಟ್ಟವನ್ನು ಎತ್ತಿದೆ. ತನ್ನ ಕಥೆಯನ್ನು ತಾನೇ ಕೇಳಬೇಕಾಗಿ ಬಂದ ದೇವನ ಮುಂದೆ, ಹೆಚ್ಚುಕಡಮೆ ಪ್ರತಿಯೊಂದು ದಶಕದ ಕೊನೆಗೂ, ಹಿಡಿದುಕೊಂಡ ಕೀಲುಗಳ ಈ ವಿದ್ವಾಂಸನು, ‘ಇಷ್ಟೆಲ್ಲ ಮಾಡಿದವನು ನೀನು, ನನ್ನ ರೋಗವನ್ನೂ ಕಳೆ’ ಎಂಬ ಭಾವದ ಮಾತನ್ನು ಸೇರಿಸುತ್ತಾನೆ. ಅದ್ಭುತರಸದ ಮಹಾಪ್ರವಾಹವೊಂದು ಮತ್ತೆ ಮತ್ತೆ ಮನುಷ್ಯನೊಬ್ಬನ ಮೊಣಕಾಲ ಬಳಿಗೆ ಬಂದು ನಿಲ್ಲುವುದನ್ನು ನೋಡಿದರೆ ಮೊದಲು ನಗು ಬರುವಂತಾಗುತ್ತದೆ. ನೋವನ್ನು ಬಲ್ಲವನಿಗೆ ಮರುಕ್ಷಣದಲ್ಲಿಯೇ ಕಣ್ಣು ತೇವವಾಗುತ್ತದೆ. ವಿಶ್ವರೂಪವನ್ನು ವರ್ಣಿಸುವಾಗಲೂ ಕೀಲು ನೋಯುತ್ತಲೇ ಇತ್ತು. ಅವರು ಅದನ್ನು ಮರೆಮಾಡಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ನೂರನೆಯ ದಶಕಕ್ಕೆ ಬಂದಾಗ ಕಥೆ ಮುಗಿದು ಮೂರ್ತಿ ಕಣ್ಣೆದುರಿಗೆ ನಿಲ್ಲುತ್ತದೆ. ಕವಿ ಅದನ್ನು ಕೇಶದಿಂದ ಪಾದದವರೆಗೆ ವರ್ಣಿಸಿ, ತಿಳಿಯದೆ ಆಡಿದ ಮಾತಿಗೆ ಕ್ಷಮೆ ಬೇಡಿ, ಕಡೆಯ ಪಾದದಲ್ಲಿ ಆಯುಸ್ಸನ್ನೂ ಆರೋಗ್ಯವನ್ನೂ ಸೌಖ್ಯವನ್ನೂ ಈ ಸ್ತೋತ್ರ ಉಂಟುಮಾಡಲೆಂದು ಹಾರೈಸುತ್ತಾರೆ. ಯಾರಿಗೆ? ಆ ಪಾದದಲ್ಲಿ ‘ನನಗೆ’ ಎಂಬ ಶಬ್ದವಿಲ್ಲ. ‘ನನ್ನ ರೋಗ, ನನ್ನ ರೋಗ’ವೆಂದು ಮೂರು ತಿಂಗಳು ಮೊರೆಯಿಟ್ಟವರು, ಕೊನೆಗೆ ಆರೋಗ್ಯವನ್ನು ಬೇಡುವಾಗ ‘ನನ್ನ’ ಎಂಬುದನ್ನೇ ಬಿಟ್ಟಿದ್ದಾರೆ. ಭಟ್ಟತಿರಿಗಳ ರೋಗ ವಾಸಿಯಾಯಿತೆಂದೂ ಅವರು ದೀರ್ಘಕಾಲ ಬಾಳಿದರೆಂದೂ ಸಂಪ್ರದಾಯ ಹೇಳುತ್ತದೆ, ಮತ್ತು ಭಕ್ತರು ಇಂದಿಗೂ ಆರೋಗ್ಯಕ್ಕಾಗಿ ಆ ಗ್ರಂಥವನ್ನು ಪಾರಾಯಣ ಮಾಡುತ್ತಾರೆ. ನನಗಾದರೋ ಆ ಲುಪ್ತವಾದ ಶಬ್ದವೇ ದೊಡ್ಡ ಪವಾಡವಾಗಿ ಕಾಣುತ್ತದೆ.

3

ಎಲ್ಲರ ಪ್ರಾರ್ಥನೆಯೂ ಹೀಗೆ ಸುಖಾಂತವಾಗುವುದಿಲ್ಲ. 1623ರಲ್ಲಿ ಕಾಶಿಯಲ್ಲಿ ದೇಹಬಿಟ್ಟ ತುಲಸೀದಾಸರು ತಮ್ಮ ವಾರ್ಧಕ್ಯದಲ್ಲಿ ತೋಳಿನ ಅಸಹನೀಯವಾದ ನೋವಿಗೆ ಸಿಕ್ಕಿ, ‘ಹನುಮಾನ್ ಬಾಹುಕ’ವೆಂಬ ನಲವತ್ತನಾಲ್ಕು ಪದ್ಯಗಳ ಕೃತಿಯನ್ನು ರಚಿಸಿದರು. ರಾಮಚರಿತಮಾನಸದ ಪ್ರಶಾಂತ ಗಂಗೆಯನ್ನು ಮಾತ್ರ ಬಲ್ಲವರಿಗೆ ಈ ಪುಟ್ಟ ಕೃತಿಯ ಸ್ವರ ಬೆಚ್ಚಿಬೀಳಿಸುವಂಥದು. ಇಲ್ಲಿ ಅವರು ಬೇಡುತ್ತಾರೆ, ಗದರಿಸುತ್ತಾರೆ, ಆಕ್ಷೇಪಿಸುತ್ತಾರೆ. ಪರ್ವತವನ್ನೇ ಹೊತ್ತ ಕಪೀಶ್ವರನಿಗೆ ಒಬ್ಬ ಮುದುಕನ ತೋಳು ಭಾರವಾಯಿತೆ ಎಂಬಂತೆ ಕೇಳುತ್ತಾರೆ. ಹನುಮಂತನಲ್ಲದೆ ರಾಮನನ್ನೂ ಶಿವನನ್ನೂ ಕೂಗುತ್ತಾರೆ. ಕೊನೆಯ ಪದ್ಯದಲ್ಲಿ ಬರುವುದು ಗುಣವಾಯಿತೆಂಬ ಸಂಭ್ರಮವಲ್ಲ. ತಾನು ಬಿತ್ತಿದ್ದನ್ನು ತಾನು ಕೊಯ್ಯುತ್ತಿರುವೆನೆಂದು ತಿಳಿದು ಇನ್ನು ಸುಮ್ಮನಿರುತ್ತೇನೆಂಬ ಭಾವ. ಈ ಮೌನ ಮೊದಲು ಹೇಳಿದ ಮೌನದಂತಲ್ಲ. ಸಭ್ಯತೆಗಾಗಿ ಬಾಯಿ ಮುಚ್ಚಿಕೊಂಡವನ ಮೌನ ಬೇರೆ; ಹೇಳಬೇಕಾದುದನ್ನೆಲ್ಲ ಹೇಳಬೇಕಾದವನಿಗೆ ಹೇಳಿ ತೀರಿಸಿದವನ ಮೌನ ಬೇರೆ. ದೇವರೊಡನೆ ಜಗಳವಾಡುವಷ್ಟು ಸಲಿಗೆಯಿದ್ದವನಿಗೇ ಈ ಎರಡನೆಯ ಮೌನ ದಕ್ಕುವುದೆಂದು ತೋರುತ್ತದೆ.

ತುಲಸೀದಾಸರು ತೀರಿಕೊಂಡ ವರ್ಷವೇ ಫ್ರಾನ್ಸ್ ದೇಶದಲ್ಲಿ ಬ್ಲೇಸ್ ಪಾಸ್ಕಲ್ ಹುಟ್ಟಿದನು. ಹತ್ತೊಂಬತ್ತರ ವಯಸ್ಸಿನಲ್ಲಿ ಲೆಕ್ಕ ಮಾಡುವ ಯಂತ್ರವನ್ನು ನಿರ್ಮಿಸಲು ತೊಡಗಿದ ಆ ಮೇಧಾವಿ, ಹದಿನೆಂಟನೆಯ ವರ್ಷದಿಂದ ನೋವಿಲ್ಲದ ಒಂದು ದಿನವನ್ನೂ ಕಾಣಲಿಲ್ಲವೆಂದು ಅವನ ಅಕ್ಕ ಬರೆದ ಜೀವನಚರಿತ್ರೆಯಿಂದ ತಿಳಿಯುತ್ತದೆ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, 1662ರಲ್ಲಿ, ಮಡಿದನು. ಅವನ ಬಾಳಿನ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನಮ್ಮ ವಿಷಯಕ್ಕೆ ಉಪಯುಕ್ತ. 1658ರಲ್ಲಿ ಒಂದು ರಾತ್ರಿ ಹಲ್ಲುನೋವು ತಾಳಲಾರದೆ, ಅದನ್ನು ಮರೆಯುವುದಕ್ಕಾಗಿ, ಉರುಳುವ ಚಕ್ರದ ಅಂಚಿನ ಬಿಂದು ಬರೆಯುವ ವಕ್ರರೇಖೆಯ ಗಣಿತಸಮಸ್ಯೆಯನ್ನು ಚಿಂತಿಸತೊಡಗಿದನು. ಸಮಸ್ಯೆ ಬಿಡಿಸಿಕೊಂಡಿತು, ನೋವೂ ಮಾಯವಾಯಿತು. ಅದಾದ ಮೇಲೆ ಸುಮಾರು ಒಂದು ವರ್ಷಕ್ಕೆ, ಆರೋಗ್ಯ ಸಂಪೂರ್ಣವಾಗಿ ಕುಸಿದಾಗ, ರೋಗವನ್ನು ಸದುಪಯೋಗ ಮಾಡಿಕೊಳ್ಳುವ ಶಕ್ತಿಯನ್ನು ಕೊಡೆಂದು ದೇವರನ್ನು ಬೇಡುವ ಒಂದು ಪ್ರಾರ್ಥನೆಯನ್ನು ಬರೆದನು. ಮೊದಲನೆಯದು ವಿಸ್ಮೃತಿಯ ಉಪಾಯ: ಮನಸ್ಸನ್ನು ನೋವಿನಿಂದ ಬೇರೆಡೆಗೆ ಕರೆದೊಯ್ಯುವುದು. ಒಂದು ರಾತ್ರಿಯ ನೋವಿಗೆ ಅದು ಸಾಕು. ನಾನೂ ಪದಬಂಧಗಳನ್ನು ಬಿಡಿಸಿದ್ದೇನೆ, ಸಂಗೀತ ಕೇಳಿದ್ದೇನೆ, ಉಪಕಾರವಾಗಿದೆ. ಆದರೆ ವರ್ಷಗಟ್ಟಲೆಯ ನೋವಿನಿಂದ ಎಷ್ಟು ದೂರ ಓಡಿದರೂ ಮರಳಿ ಬಂದಾಗ ಅದು ಹೊಸ್ತಿಲ ಮೇಲೆಯೇ ಕುಳಿತಿರುತ್ತದೆ. ಎರಡನೆಯದು ಓಡುವ ಉಪಾಯವಲ್ಲ. ನೋವನ್ನು ಕೈಹಿಡಿದು ಕರೆದುಕೊಂಡು ಹೋಗಿ ಒಬ್ಬರ ಮುಂದೆ ನಿಲ್ಲಿಸುವ ಉಪಾಯ. ಪಾಸ್ಕಲನ ದೇವರು ನಮ್ಮ ದೇವರ ಹಾಗಿಲ್ಲ. ರೋಗವು ಪಾಪಶೋಧನೆಗಾಗಿ ಬಂದುದೆಂಬ ಅವನ ಕ್ರೈಸ್ತ ನಂಬಿಕೆ ನನಗೆ ನಿಲುಕದು. ಆದರೂ ಆ ಎರಡು ಪ್ರಸಂಗಗಳ ನಡುವಿನ ದೂರವನ್ನು ನಾನು ನನ್ನ ಮಂಚದ ಮೇಲೆ ಅಳೆದು ಬಲ್ಲೆ.

4

ಇಷ್ಟು ಹೊತ್ತು ನೋಯುವವನೂ ದೇವರೂ ಇಬ್ಬರೇ ಇರುವಂತೆ ಮಾತನಾಡಿದೆ. ನಮ್ಮ ನಾಡಿನ ಒಂದು ಕಥೆ ಈ ಚಿತ್ರವನ್ನು ತಿದ್ದುತ್ತದೆ. ರಾಯಚೂರು ಜಿಲ್ಲೆಯ ಮಾನ್ವಿಯ ಪ್ರಾಂತದಲ್ಲಿ ಶ್ರೀನಿವಾಸಾಚಾರ್ಯರೆಂಬ ಮಹಾವಿದ್ವಾಂಸರಿದ್ದರು. ಸಂಸ್ಕೃತಪಾಂಡಿತ್ಯದ ಅಭಿಮಾನದಲ್ಲಿ ಕನ್ನಡದ ದೇವರನಾಮಗಳನ್ನು ಲಘುವಾಗಿ ಕಾಣುತ್ತಿದ್ದ ಅವರು, ವಿಜಯದಾಸರು ಪ್ರಸಾದಕ್ಕೆ ಆಹ್ವಾನಿಸಿದಾಗ, ಹೊಟ್ಟೆಯ ಬಾಧೆಯಿಂದಾಗಿ ಹೊತ್ತು ಮೀರಿ ಉಣ್ಣಲಾರೆನೆಂಬ ನೆವವನ್ನೊಡ್ಡಿ ತಪ್ಪಿಸಿಕೊಂಡರೆಂದೂ, ಅನಂತರ ಆ ನೆವವೇ ನಿಜವಾಗಿ ತಾಳಲಾರದ ಉದರವ್ಯಾಧಿಯಾಯಿತೆಂದೂ, ಕಡೆಗೆ ವಿಜಯದಾಸರ ಸೂಚನೆಯಂತೆ ಉತ್ತನೂರಿನ ಗೋಪಾಲದಾಸರಲ್ಲಿಗೆ ಹೋದಾಗ ಅವರು ರೊಟ್ಟಿಯನ್ನು ಅಭಿಮಂತ್ರಿಸಿ ಕೊಟ್ಟು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನೇ ದಾನಮಾಡಿದರೆಂದೂ ದಾಸಸಂಪ್ರದಾಯ ಹೇಳುತ್ತದೆ. ಹಾಗೆ ಉಳಿದ ಜೀವವೇ ಮುಂದೆ ‘ಜಗನ್ನಾಥವಿಠಲ’ ಎಂಬ ಅಂಕಿತವನ್ನು ಪಡೆದು, ಭಾಮಿನೀ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ವನ್ನು ಬರೆದ ಜಗನ್ನಾಥದಾಸರು.

ಆಯುರ್ದಾನವನ್ನು ನೀವು ಅಕ್ಷರಶಃ ನಂಬಿರಿ, ಬಿಡಿರಿ. ಕಥೆಯ ಆಕಾರವನ್ನು ಮಾತ್ರ ನೋಡಿರಿ. ಗುರುವಾಯೂರಿನ ಕಥೆಯಲ್ಲಿ ಶಿಷ್ಯನು ಗುರುವಿನ ರೋಗವನ್ನು ತೆಗೆದುಕೊಂಡನು. ಮಾನ್ವಿಯ ಕಥೆಯಲ್ಲಿ ಗುರುವು ಶಿಷ್ಯನಿಗೆ ತನ್ನ ಬದುಕನ್ನು ಕೊಟ್ಟನು. ಎರಡು ಕಡೆಯಲ್ಲಿಯೂ ಜನತೆಯ ಕಲ್ಪನೆ ಒಪ್ಪದೆ ಹೋದುದು ಒಂದೇ ವಿಷಯವನ್ನು: ನೋವು ಒಬ್ಬನ ಚರ್ಮದೊಳಗೇ ಮುಗಿಯುವ ಸಂಗತಿಯೆಂಬುದನ್ನು. ಇನ್ನೊಬ್ಬನ ನೋವನ್ನು ಹೊರಲು ಬರುವುದಿಲ್ಲವೆಂದು ಶರೀರಶಾಸ್ತ್ರ ಹೇಳುತ್ತದೆ. ಹೊರಲು ಬಂದಿದ್ದರೆ ಎಂಬ ಹಂಬಲವನ್ನು ಈ ಕಥೆಗಳು ಹೇಳುತ್ತವೆ. ನಮ್ಮ ಪರವಾಗಿ ಇನ್ನೊಬ್ಬರು ದೀಪ ಹಚ್ಚುವಾಗ ಆ ಹಂಬಲವೇ ಬತ್ತಿಯಾಗಿ ಉರಿಯುತ್ತದೆ. ನನ್ನ ಹೆಂಡತಿ ಹನ್ನೊಂದು ವರ್ಷಗಳಿಂದ ಸೋಮವಾರದ ರಾತ್ರಿ ಊಟ ಮಾಡುವುದಿಲ್ಲ. ಕಾರಣವನ್ನು ನಾನು ಕೇಳಿಲ್ಲ, ಅವಳು ಹೇಳಿಲ್ಲ. ಅವಳ ಉಪವಾಸದಿಂದ ನನ್ನ ನರದ ಮೇಲಿನ ಒತ್ತಡ ಕಡಮೆಯಾಯಿತೆಂದು ಯಾವ ಚಿತ್ರವೂ ತೋರಿಸಲಾರದು. ಆದರೆ ಸೋಮವಾರದ ರಾತ್ರಿ ನಾನು ಒಂಟಿಯಾಗಿ ನೋಯುತ್ತಿಲ್ಲವೆಂಬುದಂತೂ ನಿಶ್ಚಯ.

ಪರಮಹಂಸರ ಕಡೆಯ ದಿನಗಳನ್ನೂ ಇಲ್ಲಿಯೇ ಸ್ಮರಿಸಬೇಕು. 1886ರಲ್ಲಿ ಕಾಶೀಪುರದ ತೋಟದ ಮನೆಯಲ್ಲಿ, ಗಂಟಲಿನ ಅರ್ಬುದದಿಂದ ಗಂಜಿಯೂ ಇಳಿಯದಿದ್ದಾಗ, ನರೇಂದ್ರಾದಿ ಶಿಷ್ಯರ ಬಲವಂತಕ್ಕೆ ಒಳಗಾಗಿ ರಾಮಕೃಷ್ಣರು, ಸ್ವಲ್ಪವಾದರೂ ಉಣ್ಣುವಂತೆ ಮಾಡೆಂದು ಜಗನ್ಮಾತೆಯನ್ನು ಕೇಳಿಕೊಂಡರಂತೆ. ಆಕೆ ಶಿಷ್ಯರನ್ನೆಲ್ಲ ತೋರಿಸಿ, ಇಷ್ಟು ಬಾಯಿಗಳಿಂದ ನೀನು ಉಣ್ಣುತ್ತಿರುವೆಯಲ್ಲ ಎಂಬ ಅರ್ಥದ ಮಾತನ್ನಾಡಿದಳಂತೆ. ಅವರು ನಾಚಿಕೊಂಡು ಸುಮ್ಮನಾದರು. ಗಂಟಲು ಗುಣವಾಗಲಿಲ್ಲ. ಭಟ್ಟತಿರಿಗಳ ಕೊನೆಯ ಪಾದದಿಂದ ‘ನನಗೆ’ ಎಂಬುದು ಯಾವ ಬಾಗಿಲಿನಿಂದ ಹೊರಟುಹೋಯಿತೋ ಆ ಬಾಗಿಲನ್ನೇ ಇಲ್ಲಿಯೂ ಕಾಣುತ್ತೇವೆ.

5

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಪ್ರಾರ್ಥನೆಯನ್ನು ಹೊಗಳುವುದರಿಂದ ಜನ ಔಷಧವನ್ನು ಕಡೆಗಣಿಸುವರೆಂಬುದು. ಆ ಭಯ ನಿರಾಧಾರವಲ್ಲ. ಆದರೆ ನಮ್ಮ ಪ್ರಾಚೀನರು ಈ ವಿಷಯದಲ್ಲಿ ಗೊಂದಲಪಡಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಯನ್ನು ಮೂರಾಗಿ ವಿಂಗಡಿಸಿದೆ: ಮಂತ್ರ, ಹೋಮ, ನಿಯಮಾದಿಗಳಿಂದ ಕೂಡಿದ ದೈವವ್ಯಪಾಶ್ರಯ, ಆಹಾರೌಷಧಗಳ ಯುಕ್ತವಾದ ಯೋಜನೆಯಿಂದಾಗುವ ಯುಕ್ತಿವ್ಯಪಾಶ್ರಯ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಸತ್ತ್ವಾವಜಯ. ಮೂರನ್ನೂ ಹೇಳಿದವನು ವೈದ್ಯನೇ. ಒಂದಿದ್ದರೆ ಇನ್ನೊಂದು ಬೇಡವೆಂದು ಅವನು ಹೇಳಲಿಲ್ಲ. ನಾನು ದಿನಕ್ಕೆರಡು ಗುಳಿಗೆಗಳನ್ನು ನುಂಗುತ್ತೇನೆ, ಕಲಿಸಿಕೊಟ್ಟ ವ್ಯಾಯಾಮಗಳನ್ನು ಮಾಡುತ್ತೇನೆ, ಹಲಗೆಯ ಮಂಚದ ಮೇಲೆ ಮಲಗುತ್ತೇನೆ. ಇವುಗಳಲ್ಲಿ ಯಾವುದನ್ನು ಬಿಟ್ಟರೂ ದೇವರು ಸಂತೋಷಪಡುವನೆಂದು ನನಗನ್ನಿಸಿಲ್ಲ.

ಎರಡನೆಯದು, ಇದೆಲ್ಲ ಮನಸ್ಸಿನ ಭ್ರಮೆಯೆಂಬುದು. ನೋವೆಂಬುದು ದೇಹದಿಂದ ಮೆದುಳಿಗೆ ಗಂಟೆಯ ಹಗ್ಗದಂತೆ ನೇರವಾಗಿ ಎಳೆಯಲ್ಪಡುವ ಸಂಗತಿಯೆಂದು ತಿಳಿದಿದ್ದ ಕಾಲಕ್ಕೆ ಈ ಆಕ್ಷೇಪ ಸಲ್ಲುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ಗಾಯಾಳುಗಳನ್ನು ಪರೀಕ್ಷಿಸಿದ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯನು, ಘೋರವಾಗಿ ಗಾಯಗೊಂಡ ಸೈನಿಕರಲ್ಲಿ ಬಹುಮಂದಿ ನೋವಿನ ಔಷಧವನ್ನೇ ಕೇಳಲಿಲ್ಲವೆಂಬುದನ್ನು 1946ರಲ್ಲಿ ಪ್ರಕಟಿಸಿದನು; ಗಾಯವೆಂದರೆ ಅವರಿಗೆ ರಣರಂಗದಿಂದ ಜೀವಸಹಿತ ಬಿಡುಗಡೆ, ಆ ಅರ್ಥವೇ ನೋವನ್ನು ತಗ್ಗಿಸಿತೆಂದು ಅವನ ಊಹೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂತಹ ವ್ಯವಸ್ಥೆಯಿದೆಯೆಂದೂ, ಕೆಳಗಿನಿಂದ ಬರುವ ನೋವಿನ ಸಂದೇಶಗಳಿಗೆ ಅದು ಎಷ್ಟು ತೆರೆದುಕೊಳ್ಳಬೇಕೆಂಬುದರಲ್ಲಿ ಮೇಲಿನಿಂದ, ಮೆದುಳಿನಿಂದ, ಇಳಿದುಬರುವ ಸಂದೇಶಗಳ ಕೈವಾಡವೂ ಉಂಟೆಂದೂ ಪ್ರತಿಪಾದಿಸಿದರು. ಅವರ ಸಿದ್ಧಾಂತದ ವಿವರಗಳು ಅನಂತರ ತಿದ್ದುಪಡಿಯಾಗಿವೆ. ಗಮನ, ಭಯ, ನಿರೀಕ್ಷೆಗಳಿಗೆ ನೋವಿನಲ್ಲಿ ಪಾಲುಂಟೆಂಬ ಮಾತು ನಿಂತಿದೆ. ಇದರಿಂದ ದೇವರು ಸಿದ್ಧವಾಗುವುದಿಲ್ಲ. ಸಿದ್ಧವಾಗಬೇಕೆಂದು ನನ್ನ ಅಪೇಕ್ಷೆಯೂ ಇಲ್ಲ. ಭಯವೂ ಏಕಾಕಿತನವೂ ಕಳೆದರೆ ನೋವಿನಲ್ಲಿ ಅವುಗಳ ಪಾಲಿನಷ್ಟಾದರೂ ಕಳೆಯುವುದು ಭ್ರಮೆಯಲ್ಲವೆಂಬುದಿಷ್ಟೇ ನನಗೆ ಸಾಕು.

ಮೂರನೆಯ ಆಕ್ಷೇಪ ನನ್ನದೇ. ನೋವಿಗೆ ಅರ್ಥವನ್ನು ಹುಡುಕುವ ಉತ್ಸಾಹದಲ್ಲಿ ನಾವು ನೋಯುವವನ ಮೇಲೆ ಅರ್ಥವನ್ನು ಹೇರುತ್ತೇವೆ. ‘ಪೂರ್ವಜನ್ಮದ ಕರ್ಮ’ವೆಂದು ತುಲಸೀದಾಸರು ತಮ್ಮನ್ನು ಕುರಿತು ಹೇಳಿಕೊಂಡರೆ ಅದು ವಿನಯ, ನೋಡಲು ಬಂದವರು ಸೇಬಿನಹಣ್ಣಿನ ಚೀಲವನ್ನು ಕೆಳಗಿಟ್ಟು ಅದನ್ನೇ ರೋಗಿಗೆ ಹೇಳಿದರೆ ಅದು ಕ್ರೌರ್ಯ. ಒಂದೇ ವಾಕ್ಯ ಉತ್ತಮಪುರುಷದಲ್ಲಿ ಔಷಧವಾಗಿ ಮಧ್ಯಮಪುರುಷದಲ್ಲಿ ವಿಷವಾಗುತ್ತದೆ. ನೋವಿನ ಅರ್ಥವನ್ನು ಹೇಳುವ ಹಕ್ಕು ನೋಯುವವನಿಗೆ ಮಾತ್ರ. ಅವನು ಅರ್ಥವೇ ಇಲ್ಲವೆಂದರೆ ಅದನ್ನೂ ಒಪ್ಪಿಕೊಂಡು ಕೇಳುವುದು ನಮ್ಮ ಧರ್ಮ.

6

ಆರಂಭದಲ್ಲಿ ಎತ್ತಿದ ಶಬ್ದಕ್ಕೆ ಮರಳುತ್ತೇನೆ. ‘ಪ್ರಾರ್ಥನೆ’ಯೆಂಬುದು ಅರ್ಥಿಸುವುದು, ಎಂದರೆ ಬೇಡುವುದು. ಆದರೆ ದೇವರೊಡನೆ ಆಡುವ ಮಾತಿಗೆ ನಮ್ಮಲ್ಲಿ ಇನ್ನೂ ಮೂರು ಹೆಸರುಗಳಿವೆ. ಒಂದು ನಿವೇದನೆ, ವೇದನೆಯ ಧಾತುವೇ ಅಲ್ಲಿಯೂ ಇದ್ದು, ಅರಿಯುವುದು ಅರಿಯಪಡಿಸುವುದಾಗಿದೆ, ನೈವೇದ್ಯವೂ ಅದರಿಂದಲೇ ಬಂದುದು. ಎರಡನೆಯದು ಬಿನ್ನಹ, ಅದು ವಿಜ್ಞಾಪನೆಯ ತದ್ಭವ, ಅಲ್ಲಿಯ ಧಾತುವಿಗೂ ಅರಿಯುವುದೆಂದೇ ಅರ್ಥ. ಮೂರನೆಯದು ನಮ್ಮ ಅಚ್ಚಗನ್ನಡದ ಅರಿಕೆ. ‘ಅರಿ’ಯಿಂದ ಅರಿವು, ‘ಅರಿ’ಯಿಂದಲೇ ಅರಿಕೆ. ಈ ಮೂರರಲ್ಲಿ ಯಾವುದರ ಮೂಲದಲ್ಲಿಯೂ ಬೇಡುವುದೆಂಬ ಅರ್ಥವಿಲ್ಲ. ತಿಳಿಸುವುದೆಂಬ ಅರ್ಥ ಮಾತ್ರವಿದೆ. ಒಳಗೆ ಸೆರೆಯಾಗಿದ್ದ ಅರಿವನ್ನು ಇನ್ನೊಬ್ಬರಿಗೆ ಒಪ್ಪಿಸುವುದೇ ಅರಿಕೆ. ನೀಳವಾದ ನೋವಿನಲ್ಲಿ ಪ್ರಾರ್ಥನೆ ಬೇಡಿಕೆಯಾಗಿ ಹುಟ್ಟಿ, ಬೇಡಿ ಬೇಡಿ ದಣಿದು, ಕೊನೆಗೆ ಅರಿಕೆಯಾಗಿ ಮಾಗುತ್ತದೆಂಬುದು, ಈ ಹನ್ನೊಂದು ವರ್ಷಗಳಲ್ಲಿ ನನಗೆ ತಿಳಿದ ಒಂದೇ ಒಂದು ಸಂಗತಿ.

ತಿಳಿದುದು ತಡವಾಗಿ, ಆದರೆ ಅದನ್ನು ನಾನು ಎಂಟು ವರ್ಷದ ಹುಡುಗನಾಗಿದ್ದಾಗಲೇ ಕಣ್ಣಾರೆ ಕಂಡಿದ್ದೆ. ನಮ್ಮ ಅಜ್ಜಿಗೆ ಸಂಧಿವಾತ. ದೇವರಮನೆಗೆ ಹೋಗಲು ನಡುಮನೆಯಿಂದ ಮೂರು ಮೆಟ್ಟಿಲು ಹತ್ತಬೇಕಾಗಿತ್ತು; ಕಂಬವನ್ನು ಹಿಡಿದು ಮೆಟ್ಟಿಲಿಗೊಂದು ಹೆಸರಿನಂತೆ ‘ಕೇಶವಾ, ನಾರಾಯಣಾ, ಮಾಧವಾ’ ಎಂದು ಹತ್ತುತ್ತಿದ್ದಳು; ಇಳಿಯುವಾಗ ಅವೇ ಹೆಸರುಗಳು ತಿರುಗುಮುರುಗಾಗುತ್ತಿದ್ದವು. ನಾವು ಮಕ್ಕಳು ಬಾಗಿಲ ಮರೆಯಲ್ಲಿ ನಿಂತು ಅದನ್ನು ಅಣಕಿಸಿ ನಗುತ್ತಿದ್ದೆವು. ಸಂಜೆ ದೀಪ ಹಚ್ಚಿ, ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತ, ಪಕ್ಕದ ಮನೆಯವಳೊಡನೆ ಮಾತನಾಡುವ ದನಿಯಲ್ಲಿಯೇ ಅವಳು ದೇವರಿಗೆ ದಿನದ ಲೆಕ್ಕ ಒಪ್ಪಿಸುತ್ತಿದ್ದಳು: ‘ಇವತ್ತು ಎಡಗಾಲು ಬಹಳ ಕಾಡಿತಪ್ಪಾ. ಬಲಗಾಲು ನಿನ್ನೆಗಿಂತ ವಾಸಿ. ಬಾವಿಯ ಹತ್ತಿರ ಒಂದು ಸಲ ಬೀಳುವ ಹಾಗಾಯಿತು, ಬೀಳಲಿಲ್ಲ.’ ಇಷ್ಟೇ. ವಾಸಿಮಾಡೆಂದು ಅವಳು ಕೇಳಿದುದನ್ನು ನಾನು ಒಮ್ಮೆಯೂ ಕೇಳಿಲ್ಲ. ಲೆಕ್ಕ ಮುಗಿದ ಮೇಲೆ, ‘ಕೇಳಿಸಿಕೊಂಡೆಯಲ್ಲ, ಸಾಕು’ ಎಂದು ಎಣ್ಣೆಯ ಬಟ್ಟಲನ್ನು ಗೂಡಿನಲ್ಲಿಟ್ಟು, ನಮಗೆ ಬಡಿಸುವುದಕ್ಕೆ ಏಳುತ್ತಿದ್ದಳು. ಏಳುವಾಗ ಮತ್ತೆ ‘ಕೇಶವಾ’.

ಈಗ ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ನಾನೂ ಅದನ್ನೇ ಮಾಡುತ್ತೇನೆ. ಕೇಳುವವನು ಇದ್ದಾನೆಂದು ತರ್ಕದಿಂದ ಸಾಧಿಸುವ ಶಕ್ತಿ ನನಗಿಲ್ಲ. ಅರಿಕೆ ಮಾಡಿದ ಮೇಲೆ ನೋವು ನನ್ನೊಬ್ಬನದಾಗಿ ಉಳಿಯುವುದಿಲ್ಲವೆಂಬುದನ್ನು ಮಾತ್ರ ಬಲ್ಲೆ. ಕಾಲುಗಳನ್ನು ದೇಗುಲದ ಕಂಬಗಳಾಗಿ ಬಸವಣ್ಣನವರು ಕಂಡರು. ನನ್ನಲ್ಲಿ ಅಲುಗುವುದು ಆ ಕಂಬವೇ. ಆದರೂ ಕಂಬ ಬಿರುಕುಬಿಟ್ಟ ಗುಡಿಗಳಲ್ಲಿ ದೀಪ ಹಚ್ಚುವುದನ್ನು ನಮ್ಮ ಊರುಗಳಲ್ಲಿ ಯಾರೂ ನಿಲ್ಲಿಸುವುದಿಲ್ಲ. ದತ್ತಿದಾತರು ತಮ್ಮ ತಾಯಿಯವರ ವಿಷಯದಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ: ಆ ಕೋಣೆಗೆ ಬಂದವರ ಮೇಲೆ ಅವರು ತಮ್ಮ ಭಾರವನ್ನು ಇಳಿಸುತ್ತಿರಲಿಲ್ಲವಾದರೆ, ಅದನ್ನು ಇಳಿಸುವುದಕ್ಕೆ ಅವರಿಗೆ ಬೇರೊಂದು ಸ್ಥಳ ಗೊತ್ತಿದ್ದಿರಬೇಕು.

  ಇಷ್ಟು ಹೊತ್ತು ನಿಂತಿದ್ದರಿಂದ ನನ್ನ ಸೊಂಟವೂ ತನ್ನದೊಂದು ಅರಿಕೆಯನ್ನು ಆಗಲೇ ಆರಂಭಿಸಿದೆ. ಅದನ್ನು ಕೇಳಬೇಕಾದ ಸರದಿ ಈಗ ನನ್ನದು. ನಿಮ್ಮೆಲ್ಲರ ಅಪ್ಪಣೆಯಿಂದ ಕುಳಿತುಕೊಳ್ಳುತ್ತೇನೆ.